ವಿಮಾನದ ಲೆಕ್ಕ ಟ್ಯಾಕ್ಸಿಯಿಂದಲೇ ಶುರು

ಮೈಸೂರು ಬಿಟ್ಟು ನಂಜನಗೂಡಿನ ಕಡೆ ಹೊರಟರೆ ಸುಮಾರು ಹತ್ತು ಕಿಲೋಮೀಟರ್‌ಗೆ ಮಂಡಕಳ್ಳಿ ವಿಮಾನ ನಿಲ್ದಾಣ ಸಿಗುತ್ತದೆ. ಅದರ ರನ್‌ವೇ 1,740 ಮೀಟರ್. ದೊಡ್ಡ ಜೆಟ್‌ಗಳಿಗೆ ಇದು ಸಾಲದು, ಪ್ರೊಪೆಲರ್ ಇರುವ ಎಟಿಆರ್ ವಿಮಾನಗಳಿಗೆ ಸಾಕು. ಉದ್ದ ಮಾಡಲು ಹೊರಟರೆ ಅಡ್ಡ ಬರುವುದು ರಾಷ್ಟ್ರೀಯ ಹೆದ್ದಾರಿ 766, ಅಂದರೆ ಗುಂಡ್ಲುಪೇಟೆಯವರು ಮೈಸೂರಿಗೆ ಬರುವ ರಸ್ತೆ. ಹೆದ್ದಾರಿಯನ್ನು ರನ್‌ವೇಯ ಅಡಿಯಲ್ಲಿ ಹಾಯಿಸಬೇಕೋ ಬೇರೆ ಕಡೆಗೆ ತಿರುಗಿಸಬೇಕೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದಿದೆ. ಆಕಾಶಮಾರ್ಗಕ್ಕೂ ರಸ್ತೆಮಾರ್ಗಕ್ಕೂ ಇಷ್ಟು ನೇರವಾಗಿ ಜಾಗದ ಜಗಳ ಬಿದ್ದಿರುವ ಊರು ಕಡಿಮೆ.

ಜಾಗದ ಜಗಳದ ಹಿಂದೆ ಇನ್ನೊಂದು ಪ್ರಶ್ನೆ ಇದೆ. ಚಾಮರಾಜನಗರದಿಂದಲೋ ಗುಂಡ್ಲುಪೇಟೆಯಿಂದಲೋ ದೂರದ ಊರಿಗೆ ಹೊರಟವರು ಕಾರಿನಲ್ಲಿ ಹೋದರೆ ಹೆಚ್ಚು ಎಣ್ಣೆ ಸುಡುತ್ತದೋ, ವಿಮಾನದಲ್ಲಿ ಹೋದರೋ? ವಿಮಾನ ದುಂದಿನ ವಾಹನ ಎಂಬುದು ನಮ್ಮ ಸಾಮಾನ್ಯ ನಂಬಿಕೆ. ವಿಮಾನ ಕಂಪನಿಗಳನ್ನು ಕೇಳಿದರೆ ಕಾರಿಗಿಂತ ತಮ್ಮದೇ ಮಿತವ್ಯಯ ಎನ್ನುತ್ತಾರೆ. ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ಹುಡುಕಬೇಕಾದ್ದು ಎಂಜಿನ್ನಿನಲ್ಲಿ ಅಲ್ಲ. ಎಷ್ಟು ಸೀಟು ತುಂಬಿದೆ, ಎಷ್ಟು ದೂರ ಹೋಗಬೇಕು, ನಿಲ್ದಾಣದ ಬಾಗಿಲವರೆಗೆ ಹೇಗೆ ತಲುಪಿದೆವು ಎಂಬ ಮೂರರಲ್ಲಿ. ಚಾಮರಾಜನಗರದಂಥ, ವಿಮಾನ ನಿಲ್ದಾಣವೇ ಇಲ್ಲದ ಜಿಲ್ಲೆಗೆ ಈ ಮೂರನೆಯದೇ ದೊಡ್ಡದು.

ಅಳತೆಗೋಲು ಯಾವುದು?

ಕಾರು ಕೊಳ್ಳುವವರು ಮೊದಲು ಕೇಳುವುದು ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂದು. ಕಂಪನಿ ಹೇಳುವ ಎಆರ್‌ಎಐ ಪರೀಕ್ಷೆಯ ಅಂಕಿಯನ್ನು ಯಾರೂ ಪೂರ್ತಿ ನಂಬುವುದಿಲ್ಲ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ‘ಟ್ಯಾಂಕ್ ಟು ಟ್ಯಾಂಕ್’ ಲೆಕ್ಕ ಹಾಕಿದ ಮೇಲೆಯೇ ಸಮಾಧಾನ. ಎ.ಸಿ. ಹಾಕಿಕೊಂಡು ಹೆದ್ದಾರಿಯಲ್ಲಿ ಓಡುವ ಮಧ್ಯಮ ಗಾತ್ರದ ಕಾರು ಲೀಟರಿಗೆ 16 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಈ ಲೇಖನದ ಲೆಕ್ಕಗಳಿಗೆಲ್ಲ ಅದೇ ಆಧಾರ.

ಇದೇ ಪ್ರಶ್ನೆಯನ್ನು ವಿಮಾನಕ್ಕೆ ಕೇಳಿದರೆ ಉತ್ತರ ಗಾಬರಿ ಹುಟ್ಟಿಸುತ್ತದೆ. ಬೆಂಗಳೂರಿನ ದೇವನಹಳ್ಳಿ ನಿಲ್ದಾಣದಿಂದ ಹಾರುವ ಏರ್‌ಬಸ್ ಎ320 ನಿಯೋ ಒಂದು ಲೀಟರಿಗೆ ಹೋಗುವುದು ಸುಮಾರು 250 ಮೀಟರ್. ಮಂಡಕಳ್ಳಿಗೆ ಬರುವ ಎಟಿಆರ್ 72 ಅರ್ಧ ಕಿಲೋಮೀಟರ್‌ಗಿಂತ ತುಸು ಹೆಚ್ಚು. ಆದರೆ ಎ320ಯಲ್ಲಿ 180ಕ್ಕೂ ಹೆಚ್ಚು ಸೀಟಿವೆ, ಎಟಿಆರ್‌ನಲ್ಲಿ 70ಕ್ಕೂ ಹೆಚ್ಚು. ಹಾಗಾಗಿ ಒಬ್ಬ ಮನುಷ್ಯನನ್ನು 100 ಕಿ.ಮೀ. ಸಾಗಿಸಲು ಎಷ್ಟು ಲೀಟರ್ ಬೇಕು ಎಂದು ಕೇಳುವುದೇ ನ್ಯಾಯ. ಆ ಅಳತೆಯಲ್ಲಿ ಎ320 ನಿಯೋ ಸೀಟಿಗೆ ಸುಮಾರು 2.2 ಲೀಟರ್ ಸುಡುತ್ತದೆ, ಎಟಿಆರ್ ಸುಮಾರು 2.5. ಲೀಟರಿಗೆ 16 ಕಿ.ಮೀ. ಕೊಡುವ ಕಾರು 100 ಕಿ.ಮೀ.ಗೆ 6.25 ಲೀಟರ್ ಕುಡಿಯುತ್ತದೆ. ಚಾಲಕ ಒಬ್ಬನೇ ಇದ್ದರೆ ಅಷ್ಟೂ ಅವನ ತಲೆಗೆ. ನಾಲ್ವರಿದ್ದರೆ ತಲೆಗೆ ಒಂದೂವರೆ ಲೀಟರ್ ಚಿಲ್ಲರೆ.

ಇದೇ ಅಳತೆಯಲ್ಲಿ ಬೇರೆ ವಾಹನಗಳನ್ನೂ ನೋಡಬಹುದು. ಲೀಟರಿಗೆ 50 ಕಿ.ಮೀ. ಕೊಡುವ ಬೈಕಿನಲ್ಲಿ ಇಬ್ಬರು ಕೂತರೆ ತಲೆಗೆ ಒಂದು ಲೀಟರ್. ಲೀಟರಿಗೆ 5 ಕಿ.ಮೀ. ಓಡುವ, 50 ಸೀಟು ತುಂಬಿದ ಸಾರಿಗೆ ಬಸ್ಸಿನಲ್ಲಿ ತಲೆಗೆ 0.4 ಲೀಟರ್; ಅರ್ಧವೇ ತುಂಬಿದ್ದರೂ 0.8. ಜೆಟ್ ಎಂಜಿನ್ನಿನ ಇಂಧನ ಮೂಲತಃ ಚೆನ್ನಾಗಿ ಶುದ್ಧೀಕರಿಸಿದ ಸೀಮೆಎಣ್ಣೆ. ಲೀಟರಿಗೆ ಅದರಲ್ಲಿರುವ ಶಕ್ತಿ ಡೀಸೆಲ್‌ಗೆ ಹೆಚ್ಚುಕಡಿಮೆ ಸಮ, ಪೆಟ್ರೋಲಿಗಿಂತ ಸ್ವಲ್ಪ ಜಾಸ್ತಿ. ಆದ್ದರಿಂದ ಲೀಟರಿಗೆ ಲೀಟರ್ ಹೋಲಿಸಿದರೆ ದೊಡ್ಡ ತಪ್ಪೇನೂ ಆಗುವುದಿಲ್ಲ.

ಅಮೆರಿಕದ ತೀರ್ಪು, ನಮ್ಮ ಕಾರು

ಈ ಹೋಲಿಕೆಯಲ್ಲಿ ಎಲ್ಲರೂ ಉಲ್ಲೇಖಿಸುವುದು ಮಿಷಿಗನ್ ವಿಶ್ವವಿದ್ಯಾಲಯದ ಮೈಕೆಲ್ ಸಿವಾಕ್ ಅವರ ಅಧ್ಯಯನವನ್ನು. ಅಮೆರಿಕದ 2010ರ ಅಂಕಿಅಂಶ ಹಿಡಿದು ಅವರು ಕಂಡುಕೊಂಡದ್ದು ಇದು: ಒಬ್ಬರನ್ನು ಒಂದು ಮೈಲಿ ಸಾಗಿಸಲು ಕಾರು ಬಳಸುವ ಶಕ್ತಿ ವಿಮಾನ ಬಳಸುವುದಕ್ಕಿಂತ ಶೇ 57ರಷ್ಟು ಹೆಚ್ಚು. 2012ರ ಅಂಕಿಗಳ ಮೇಲೆ ಮಾಡಿದ ಮುಂದಿನ ಲೆಕ್ಕದಲ್ಲಿ ಕಾರಿನ ಬಳಕೆ ವಿಮಾನದ ಎರಡು ಪಟ್ಟು ದಾಟಿತು. ವಿಮಾನ ಕಾರಿಗಿಂತ ಮಿತವ್ಯಯಿ ಎಂಬ ಮಾತು ಜಗತ್ತಿನ ಪತ್ರಿಕೆಗಳಲ್ಲಿ ಹರಡಿದ್ದು ಹೀಗೆ.

ಆದರೆ 1970ರಲ್ಲಿ ಅಲ್ಲಿ ಸ್ಥಿತಿ ತಲೆಕೆಳಗಾಗಿತ್ತು, ವಿಮಾನವೇ ದುಂದಿನದಾಗಿತ್ತು. ನಡುವಿನ ನಾಲ್ಕು ದಶಕಗಳಲ್ಲಿ ಜೆಟ್ ಎಂಜಿನ್ ಸುಧಾರಿಸಿತು, ನಿಜ. ಅದರ ಜೊತೆಗೇ, ಆಗ ಅರ್ಧ ಖಾಲಿ ಹಾರುತ್ತಿದ್ದ ವಿಮಾನಗಳಲ್ಲಿ ಈಗ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸೀಟು ತುಂಬುತ್ತವೆ. ಕಾರಿನ ಕಥೆ ಉಲ್ಟಾ: ಎಂಜಿನ್ ಸುಧಾರಿಸಿದರೂ ಗಾಡಿ ದಪ್ಪವಾಯಿತು, ಒಳಗೆ ಕೂರುವವರು ಕಡಿಮೆಯಾದರು. ಸಿವಾಕ್ ಹಿಡಿದ ಅಮೆರಿಕದ ವಾಹನಗಳ ಸರಾಸರಿ ಲೀಟರಿಗೆ ಸುಮಾರು 9 ಕಿ.ಮೀ. ಅದು 14.4 ಕಿ.ಮೀ. ಆದರೆ, ಇಲ್ಲವೇ ಪ್ರತಿ ಗಾಡಿಯಲ್ಲಿ ಸರಾಸರಿ ಇಬ್ಬರಿಗಿಂತ ಹೆಚ್ಚು ಮಂದಿ ಕೂತರೆ ಕಾರು ವಿಮಾನಕ್ಕೆ ಸಮನಾಗುತ್ತದೆ ಎಂಬುದೂ ಅವರದೇ ಲೆಕ್ಕ.

ಅಲ್ಲಿಯ ತೀರ್ಪನ್ನು ಇಲ್ಲಿಗೆ ಎತ್ತಿ ತರುವಂತಿಲ್ಲ. ನಮ್ಮ ಸಣ್ಣ ಕಾರುಗಳು ಆ 14.4 ಕಿ.ಮೀ.ಯ ಗೆರೆಯನ್ನು ಎಂದೋ ದಾಟಿವೆ. ತಿರುಪತಿಗೋ ಮಲೆ ಮಹದೇಶ್ವರ ಬೆಟ್ಟಕ್ಕೋ ಹೊರಟ ಕುಟುಂಬ ಕಾರಿನಲ್ಲಿ ಜಾಗ ಬಿಡುವುದಿಲ್ಲ. ಮಕ್ಕಳು ತೊಡೆಯ ಮೇಲೆ, ಬುತ್ತಿ ಕಾಲಿನ ಸಂದಿಯಲ್ಲಿ. ಹನ್ನೆರಡು ಮಂದಿ ತುಂಬಿದ ಟೆಂಪೊ ಟ್ರಾವೆಲರ್ ಲೀಟರಿಗೆ 10 ಕಿ.ಮೀ. ಕೊಟ್ಟರೂ 100 ಕಿ.ಮೀ.ಗೆ ತಲೆಗೆ ಒಂದು ಲೀಟರ್ ತಗಲುವುದಿಲ್ಲ. ಯಾವ ವಿಮಾನವೂ ಇದರ ಹತ್ತಿರ ಬರಲಾರದು.

ಏರುವ ಖರ್ಚು

ಚಾಮರಾಜನಗರದಿಂದ ಕೊಯಮತ್ತೂರಿಗೆ ಹೋಗಿಬರುವ ಚಾಲಕರಿಗೆ ಏರಿನ ಬೆಲೆ ಚೆನ್ನಾಗಿ ಗೊತ್ತು. ಹಾಸನೂರು ದಾಟಿ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯುವಾಗ ಎಣ್ಣೆಯ ಮುಳ್ಳು ಅಲುಗುವುದಿಲ್ಲ. ವಾಪಸು ಬರುವಾಗ ಮೊದಲ ಗೇರು, ಎರಡನೇ ಗೇರು. ಒಂದೂವರೆ ಟನ್ ತೂಕದ ಕಾರನ್ನು 700 ಮೀಟರ್ ಎತ್ತರಕ್ಕೆ ಏರಿಸಲು, ಎಂಜಿನ್ನಿನಲ್ಲಿ ಪೋಲಾಗುವ ಶಾಖವನ್ನೂ ಸೇರಿಸಿದರೆ, ಸುಮಾರು ಒಂದು ಲೀಟರ್ ಡೀಸೆಲ್ ಬೇಕು. ಉರುಳುವ ಚಕ್ರದ ಖರ್ಚು, ಗಾಳಿಯ ತಡೆ ಬೇರೆ.

ಅದೇ ಲೆಕ್ಕವನ್ನು 65 ಟನ್ನಿನ ಎ320ಗೆ ಹಾಕಿ. 11 ಕಿ.ಮೀ. ಎತ್ತರಕ್ಕೆ ಏರುವುದಕ್ಕೇ 600 ಲೀಟರ್‌ಗೂ ಮಿಕ್ಕಿ ಬೇಕು. ಇಳಿಯುವಾಗ ಎಂಜಿನ್ ತಗ್ಗಿಸಿ ತೇಲಿಕೊಂಡು ಬರುವುದರಿಂದ ಅದರಲ್ಲಿ ಒಂದು ಪಾಲು ವಾಪಸು ಸಿಗುತ್ತದೆ, ಪೂರ್ತಿ ಅಲ್ಲ. ನೆಲದ ಮೇಲೆ ಸರದಿಗಾಗಿ ಕಾಯುವುದು, ಇಳಿಯಲು ಅನುಮತಿ ಸಿಗುವವರೆಗೆ ಸುತ್ತು ಹೊಡೆಯುವುದು ಪ್ರತ್ಯೇಕ. ದೂರದ ಪಯಣದಲ್ಲಿ ಈ ಖರ್ಚು ಸಾವಿರಾರು ಕಿಲೋಮೀಟರ್‌ಗಳಿಗೆ ಹಂಚಿಹೋಗುತ್ತದೆ. ಹತ್ತಿರದ ಹಾರಾಟದಲ್ಲಿ ಹಂಚಿಕೊಳ್ಳಲು ದೂರವೇ ಇರುವುದಿಲ್ಲ. ಏರಿ ಮುಗಿಯುವಷ್ಟರಲ್ಲಿ ಇಳಿಯುವ ಸಮಯ.

ಇದಕ್ಕೆ ಮಂಡಕಳ್ಳಿಯ ಚರಿತ್ರೆಗಿಂತ ಒಳ್ಳೆಯ ಸಾಕ್ಷಿ ಬೇಡ. ನಿಲ್ದಾಣ 1940ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಆದದ್ದು. 1980ರ ದಶಕದಲ್ಲಿ ವಾಯುದೂತ್ ಸಂಸ್ಥೆ ಮೈಸೂರು–ಬೆಂಗಳೂರು ನಡುವೆ ವಿಮಾನ ಹಾರಿಸಿತು. ಜನ ಸಾಲದೆ ನಿಂತಿತು. 2010ರಲ್ಲಿ ಹೊಸ ಟರ್ಮಿನಲ್ ಬಂತು, ಕಿಂಗ್‌ಫಿಷರ್ ಬಂತು. ಮರುವರ್ಷ ಅದೂ ನಿಂತಿತು. 2013ರಲ್ಲಿ ಸ್ಪೈಸ್‌ಜೆಟ್, ಆಮೇಲೆ ಅಲಯನ್ಸ್ ಏರ್ ಪ್ರಯತ್ನಿಸಿದವು. ರಸ್ತೆಯಲ್ಲಿ 145 ಕಿ.ಮೀ. ಇರುವ ಊರಿಗೆ ನಿಲ್ದಾಣಕ್ಕೆ ಹೋಗಿ, ತಪಾಸಣೆಗೆ ನಿಂತು, ದೇವನಹಳ್ಳಿಯಲ್ಲಿ ಇಳಿದು, ಮತ್ತೆ 35 ಕಿ.ಮೀ. ನಗರಕ್ಕೆ ಬರುವವರು ಎಷ್ಟು ಮಂದಿ ಇದ್ದಾರು? 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ಆ ಆಸೆಗೆ ಇದ್ದ ನೆಪವೂ ಹೋಯಿತು. ಇಷ್ಟು ಹತ್ತಿರದ ಹಾರಾಟ ಇಂಧನದಲ್ಲಿ ಸೋಲುತ್ತದೆ, ಸಮಯದಲ್ಲೂ ಸೋಲುತ್ತದೆ.

ದೂರ ಹೆಚ್ಚಾದಷ್ಟೂ ಒಳ್ಳೆಯದು ಎಂದೂ ಹೇಳುವಂತಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು–ಸ್ಯಾನ್‌ ಫ್ರಾನ್ಸಿಸ್ಕೊ ನಡುವೆ ನೇರ ವಿಮಾನ ಆರಂಭಿಸಿತು. ಹೆಚ್ಚುಕಡಿಮೆ 14,000 ಕಿ.ಮೀ. ದೂರ. ಅಷ್ಟು ದೂರಕ್ಕೆ ಬೇಕಾದ ಎಣ್ಣೆಯನ್ನು ಹೊರುವುದಕ್ಕೇ ಇನ್ನಷ್ಟು ಎಣ್ಣೆ ಸುಡಬೇಕು. ತೀರ ಹತ್ತಿರವೂ ಅಲ್ಲದ, ಭೂಮಿಯ ಇನ್ನೊಂದು ತುದಿಯೂ ಅಲ್ಲದ ನಡುವಿನ ದೂರವೇ ವಿಮಾನಕ್ಕೆ ಹೊಂದುವುದು.

ಗುಂಡ್ಲುಪೇಟೆಯಿಂದ ಹೈದರಾಬಾದ್‌ಗೆ

ಈಗ ಊರಿನಿಂದಲೇ ಹೊರಡೋಣ. ಗುಂಡ್ಲುಪೇಟೆಯಿಂದ ಮೈಸೂರು 60 ಕಿ.ಮೀ., ಅಲ್ಲಿಂದ ಬೆಂಗಳೂರಿಗೆ 145, ಮುಂದೆ ಹೈದರಾಬಾದ್. ಒಟ್ಟು ಸುಮಾರು 780 ಕಿ.ಮೀ. ಕಾರಿಗೆ ಬೇಕಾದ್ದು 49 ಲೀಟರ್. ಒಬ್ಬರೇ ಹೋದರೆ ತಲೆಗೆ 49, ಇಬ್ಬರಾದರೆ 24, ಮೂವರಾದರೆ 16, ನಾಲ್ವರಾದರೆ 12.

ಮೈಸೂರು–ಹೈದರಾಬಾದ್ ಮಾರ್ಗದಲ್ಲಿ ಇಂಡಿಗೊ ಎಟಿಆರ್ ಹಾರಿಸಿದೆ. ಆಕಾಶದಲ್ಲಿ ದೂರ 600 ಕಿ.ಮೀ. ಆಸುಪಾಸು; ರಸ್ತೆಯ ಬಳಸು ಇಲ್ಲ, ಇದು ವಿಮಾನಕ್ಕೆ ಸಿಗುವ ರಿಯಾಯಿತಿ. ಸೀಟಿಗೆ 15 ಲೀಟರ್. ಆರರಲ್ಲಿ ಒಂದು ಸೀಟು ಖಾಲಿ ಇದ್ದರೆ ಕೂತವರ ತಲೆಗೆ 18. ಇನ್ನು ಮಂಡಕಳ್ಳಿವರೆಗಿನ 50 ಕಿ.ಮೀ. ಟ್ಯಾಕ್ಸಿ. ಅದು ಖಾಲಿಯಾಗಿ ಊರಿಗೆ ವಾಪಸಾಗಬೇಕಲ್ಲ, ಆದ್ದರಿಂದ 100 ಕಿ.ಮೀ., 6 ಲೀಟರ್. ಒಬ್ಬರೇ ಆದರೆ ಒಟ್ಟು 24. ಇಬ್ಬರು ಟ್ಯಾಕ್ಸಿ ಹಂಚಿಕೊಂಡರೆ ತಲೆಗೆ 21, ಮೂವರಾದರೆ 20.

ಹೀಗೆ ಒಬ್ಬಂಟಿ ಪ್ರಯಾಣಿಕನಿಗೆ ವಿಮಾನ ಅರ್ಧಕ್ಕರ್ಧ ಉಳಿತಾಯ. ಇಬ್ಬರಿಗೆ ಬಹುತೇಕ ಸರಿಸಮ. ಮೂವರು ಸೇರಿದರೆಂದರೆ ಕಾರೇ ಗೆದ್ದಿತು. ಕಾರಿನಲ್ಲಿ ಮೂರನೆಯವರು ಹತ್ತಿದಾಗ ಖರ್ಚಾಗುವ ಹೆಚ್ಚಿನ ಎಣ್ಣೆ ತೀರ ಅಲ್ಪ. ವಿಮಾನದಲ್ಲಿ ಮೂರನೆಯವರು ಎಂದರೆ ಇನ್ನೊಂದು ಸೀಟು, ಇನ್ನೊಂದು ಪಾಲು. ಲೀಟರಿಗೆ 12 ಕಿ.ಮೀ. ಕೊಡುವ ದೊಡ್ಡ ಗಾಡಿ ಹಿಡಿದರೆ ಗೆಲ್ಲಲು ಮೂವರು ಸಾಲುವುದಿಲ್ಲ, ನಾಲ್ವರು ಬೇಕು. ಕಾರೋ ವಿಮಾನವೋ ಎಂಬ ವಾದದ ಬಹುಪಾಲು ಈ ತಲೆ ಎಣಿಕೆಯಲ್ಲೇ ಮುಗಿಯುತ್ತದೆ.

ದೆಹಲಿಗೆ ಹೊರಟರೆ

ದೆಹಲಿಗೆ ರಸ್ತೆಯಲ್ಲಿ 2,300 ಕಿ.ಮೀ.ಗೂ ಹೆಚ್ಚು, ಕಾರಿನಲ್ಲಿ ಹೋಗುವವರು ಅಪರೂಪ. ಆದರೂ ಈ ಉದಾಹರಣೆ ಬೇಕು, ಏಕೆಂದರೆ ಟ್ಯಾಕ್ಸಿಯ ಪಾಲು ಬಯಲಾಗುವುದು ಇಲ್ಲಿಯೇ. ದೇವನಹಳ್ಳಿಯಿಂದ ದೆಹಲಿಗೆ ಆಕಾಶದಲ್ಲಿ ಸುಮಾರು 1,700 ಕಿ.ಮೀ. ಎ320 ನಿಯೋದಲ್ಲಿ ಸೀಟಿಗೆ 37 ಲೀಟರ್, ಖಾಲಿ ಸೀಟುಗಳ ಭಾರ ಸೇರಿದರೆ 45.

ಗುಂಡ್ಲುಪೇಟೆಯಿಂದ ದೇವನಹಳ್ಳಿ ನಿಲ್ದಾಣಕ್ಕೆ ಸುಮಾರು 240 ಕಿ.ಮೀ. ಬಾಡಿಗೆ ಕಾರಿನವರು ‘ಅಪ್ ಅಂಡ್ ಡೌನ್’ ಲೆಕ್ಕದಲ್ಲೇ ದುಡ್ಡು ಕೇಳುತ್ತಾರೆ. ಬರುವಾಗ ನಾವು ಇರುವುದಿಲ್ಲವಲ್ಲ ಎಂದು ಗೊಣಗುತ್ತೇವೆ, ಆದರೆ ಇಂಧನದ ದೃಷ್ಟಿಯಿಂದ ಅವರ ಲೆಕ್ಕವೇ ಸರಿ. 480 ಕಿ.ಮೀ. ಎಂದರೆ 30 ಲೀಟರ್. ಒಬ್ಬ ಪ್ರಯಾಣಿಕ ಈ ಪಯಣಕ್ಕೆ ಸುಡಿಸಿದ 75 ಲೀಟರ್‌ನಲ್ಲಿ ನೂರಕ್ಕೆ ನಲವತ್ತು ಪಾಲು ನೆಲದ ಮೇಲೇ ಉರಿದಿರುತ್ತದೆ. ದೆಹಲಿವರೆಗೆ ಹಾರಿದ್ದಕ್ಕೆ 45, ದೇವನಹಳ್ಳಿ ಮುಟ್ಟಿದ್ದಕ್ಕೆ 30!

ಬೀಳ್ಕೊಡುವ ಪದ್ಧತಿಯನ್ನು ಇದಕ್ಕೆ ಸೇರಿಸಿ. ಮಗ ವಿದೇಶಕ್ಕೆ ಹೊರಟರೆ ಅಪ್ಪ, ಅಮ್ಮ, ಚಿಕ್ಕಪ್ಪ, ಅತ್ತೆ ಎಲ್ಲರೂ ದೊಡ್ಡ ಗಾಡಿಯಲ್ಲಿ ನಿಲ್ದಾಣದವರೆಗೆ ಹೋಗುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ. ಪ್ರಯಾಣ ಒಬ್ಬನದು, ಗಾಡಿ ಏಳು ಜನರದು. ಪ್ರೀತಿಗೆ ಮೈಲೇಜ್ ಕೇಳಬಾರದು, ಸರಿ. ಆದರೆ ವಿಮಾನದ ಎಣ್ಣೆಯ ಬಗ್ಗೆ ಮಾತಾಡುವಾಗ ಈ ಎಣ್ಣೆಯನ್ನು ಮರೆಯಬಾರದು.

ಈಗ ಇದೇ ದಾರಿಯನ್ನು ಬಸ್ಸಿನಲ್ಲಿ ನೋಡಿ. ಗುಂಡ್ಲುಪೇಟೆಯಿಂದ ಮೈಸೂರಿಗೆ 40 ಜನರಿರುವ ಸಾರಿಗೆ ಬಸ್ಸಿನಲ್ಲಿ ತಲೆಗೆ ಕಾಲು ಲೀಟರ್‌ಗಿಂತ ತುಸು ಹೆಚ್ಚು. ಮೈಸೂರಿನಿಂದ ದೇವನಹಳ್ಳಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ, ಎ.ಸಿ. ಇರುವ ಆ ದೊಡ್ಡ ಬಸ್ಸಿನಲ್ಲಿ 30 ಮಂದಿ ಕೂತಿದ್ದರೂ ತಲೆಗೆ ಎರಡು ಲೀಟರ್ ಮುಟ್ಟುವುದಿಲ್ಲ. 30 ಲೀಟರ್ ಇದ್ದದ್ದು ಹೆಚ್ಚುಕಡಿಮೆ ಎರಡಕ್ಕೆ ಇಳಿಯಿತು. ವಿಮಾನ ತಯಾರಕರು ಎಂಜಿನ್ನಿನಲ್ಲಿ ಶೇ 15ರಷ್ಟು ಉಳಿತಾಯ ತರಲು ವರ್ಷಗಟ್ಟಲೆ ಸಂಶೋಧನೆ ಮಾಡುತ್ತಾರೆ. ಗುಂಡ್ಲುಪೇಟೆಯ ಪ್ರಯಾಣಿಕ ಟ್ಯಾಕ್ಸಿ ಬಿಟ್ಟು ಬಸ್ಸು ಹತ್ತಿದರೆ ಇಡೀ ಪಯಣದ ಇಂಧನದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಉಳಿಯುತ್ತದೆ.

ರಾತ್ರಿ ಮುಚ್ಚುವ ರಸ್ತೆಗಳು

ಈ ಜಿಲ್ಲೆಗೆ ದೇವನಹಳ್ಳಿಯೊಂದೇ ಬಾಗಿಲಲ್ಲ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ, ತಾಮರಶ್ಶೇರಿ ಘಾಟಿ ದಾಟಿದರೆ ಸುಮಾರು 170 ಕಿ.ಮೀ.ಗೆ ಕಲ್ಲಿಕೋಟೆಯ ಕರಿಪುರ ನಿಲ್ದಾಣ. ಕೊಲ್ಲಿ ದೇಶಗಳಿಗೆ ಅಲ್ಲಿಂದ ವಿಮಾನಗಳು ಹೇರಳ. ಚಾಮರಾಜನಗರದವರಿಗೆ ದಿಂಬಂ, ಸತ್ಯಮಂಗಲದ ದಾರಿಯಲ್ಲಿ ಸುಮಾರು 150 ಕಿ.ಮೀ.ಗೆ ಕೊಯಮತ್ತೂರು. ದುಬೈಗೆ ಹೋಗುವವರು ದೇವನಹಳ್ಳಿಯ ಬದಲು ಕರಿಪುರ ಆರಿಸಿಕೊಂಡರೆ ಟ್ಯಾಕ್ಸಿಯ ಹೋಗಿಬರುವ ದಾರಿಯಲ್ಲಿ 140 ಕಿ.ಮೀ., ಅಂದರೆ 9 ಲೀಟರ್‌ನಷ್ಟು ಉಳಿಯುತ್ತದೆ. ಸಮುದ್ರದಾಚೆಯ ಊರಿಗೆ ಕಾರಿನ ಪೈಪೋಟಿ ಹೇಗೂ ಇಲ್ಲ. ಅಲ್ಲಿ ಯಾವ ನಿಲ್ದಾಣ ಎಂಬುದೇ ಪ್ರಶ್ನೆ.

ಆದರೆ ಈ ಎರಡೂ ದಾರಿ ಹುಲಿಕಾಡಿನೊಳಗೆ ಹಾದುಹೋಗುತ್ತವೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಒಂದು. ವಾಹನಗಳಿಗೆ ಸಿಕ್ಕು ವನ್ಯಜೀವಿಗಳು ಸಾಯುವುದನ್ನು ತಡೆಯಲು 2009ರಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿದರು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೆ ಮತ್ತು ಬೆರಳೆಣಿಕೆಯ ಸಾರಿಗೆ ಬಸ್ಸುಗಳಿಗೆ ಮಾತ್ರ ವಿನಾಯಿತಿ. 2022ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ ದಿಂಬಂ ದಾರಿಗೂ ರಾತ್ರಿ ನಿರ್ಬಂಧ ಬಂತು.

ಕರಿಪುರದ ಬೆಳಗಿನ ಜಾವದ ವಿಮಾನಕ್ಕೆ ಹೊರಟವರು ಸಂಜೆಯೇ ಕಾಡು ದಾಟಬೇಕು, ಇಲ್ಲವೇ ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿಯ ಬಳಸುದಾರಿ ಹಿಡಿಯಬೇಕು. ಮೈಸೂರಿನಿಂದ ಹೊರಟವರಿಗೆ ಆ ಬಳಸು ಮೂವತ್ತು ಚಿಲ್ಲರೆ ಕಿಲೋಮೀಟರ್. ಗುಂಡ್ಲುಪೇಟೆಯವರಿಗೆ ಮಾತ್ರ ಹಿಂದಕ್ಕೆ ಬಂದು ಮುಂದಕ್ಕೆ ಹೋದಂತೆ. ಈ ಹೆಚ್ಚುವರಿ ಎಣ್ಣೆ ಕಾಡಿಗೆ ನಾವು ಕೊಡುವ ಬೆಲೆ. ಅದು ದುಬಾರಿ ಎಂದು ನನಗನ್ನಿಸುವುದಿಲ್ಲ. ಕಡಿಮೆ ದೂರವೇ ಯಾವಾಗಲೂ ಒಳ್ಳೆಯ ದಾರಿ ಎಂಬ ಲೆಕ್ಕಕ್ಕೆ ಬಂಡೀಪುರ ಒಂದು ಮಿತಿ ಹಾಕುತ್ತದೆ.

ಟಿಕೆಟ್ಟು ಹೇಳದ ಸಂಗತಿ

ಅಗ್ಗವಾದದ್ದು ಕಡಿಮೆ ಇಂಧನದ್ದು ಎಂಬ ಊಹೆ ಸಹಜ. 2016ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ‘ಉಡಾನ್’ ಯೋಜನೆಯಲ್ಲಿ ಸಣ್ಣ ನಿಲ್ದಾಣಗಳ ಹಾರಾಟಕ್ಕೆ ಸರ್ಕಾರ ನಷ್ಟ ತುಂಬಿಕೊಡುತ್ತದೆ. ಸುಮಾರು ಒಂದು ಗಂಟೆಯ ಪಯಣಕ್ಕೆ ನಿಗದಿತ ಸೀಟುಗಳ ದರವನ್ನು ಆರಂಭದಲ್ಲಿ 2,500 ರೂಪಾಯಿಗೆ ಮಿತಿಗೊಳಿಸಲಾಗಿತ್ತು. ಅಂಥ ನಿಲ್ದಾಣಗಳಲ್ಲಿ ವಿಮಾನ ಇಂಧನದ ಮೇಲೆ ರಾಜ್ಯದ ತೆರಿಗೆ ಶೇ 1 ಮಾತ್ರ. 2017ರಲ್ಲಿ ಮೈಸೂರು–ಚೆನ್ನೈ ನಡುವೆ ಟ್ರೂಜೆಟ್ ಹಾರಿದ್ದು ಈ ಯೋಜನೆಯಡಿ. ಕಾರಿನವರು ಬಂಕಿನಲ್ಲಿ ಕೊಡುವ ದರದಲ್ಲಿ ತೆರಿಗೆಯ ಪಾಲು ದೊಡ್ಡದು, ಮೇಲೆ ಟೋಲ್. ಹೀಗಾಗಿ ಜೇಬಿನ ಲೆಕ್ಕ ಒಂದು, ಎಣ್ಣೆಯ ಲೆಕ್ಕ ಇನ್ನೊಂದು.

‘ನಾನು ಹತ್ತದಿದ್ದರೂ ವಿಮಾನ ಹಾರುತ್ತದಲ್ಲ’ ಎಂಬ ವಾದವೂ ಉಂಟು. ಒಂದು ದಿನದ ಮಟ್ಟಿಗೆ ಅದು ನಿಜ. ಒಂದು ವರ್ಷದ ಮಟ್ಟಿಗೆ ಸುಳ್ಳು. ಸೀಟು ತುಂಬದಿದ್ದಾಗ ಏನಾಗುತ್ತದೆ ಎಂಬುದನ್ನು ಮಂಡಕಳ್ಳಿ ಮತ್ತೆ ಮತ್ತೆ ತೋರಿಸಿದೆ.

ಹೊಗೆಯ ಲೆಕ್ಕದಲ್ಲಿ ವಿಮಾನಕ್ಕೆ ಇನ್ನೊಂದು ಹೊರೆ ಇದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕಿಲೋ, ವಿಮಾನ ಇಂಧನ ಸುಟ್ಟರೆ 2.5 ಕಿಲೋ, ಡೀಸೆಲ್ ಸುಟ್ಟರೆ 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಇಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಜೆಟ್‌ಗಳು ಅತಿ ಎತ್ತರದ ತಣ್ಣನೆಯ ಗಾಳಿಯಲ್ಲಿ ಬಿಡುವ ಬಿಳಿ ಮೋಡದ ಗೆರೆಗಳು ಭೂಮಿಯ ಶಾಖವನ್ನು ಹಿಡಿದಿಡುತ್ತವೆ. ಜಗತ್ತಿನ ಇಂಗಾಲ ಹೊರಸೂಸುವಿಕೆಯಲ್ಲಿ ವಿಮಾನಯಾನದ ಪಾಲು ಶೇ 2.5ರ ಆಸುಪಾಸು, ಈ ಗೆರೆಗಳೂ ಸೇರಿದರೆ ತಾಪದ ಮೇಲಿನ ಅದರ ಪರಿಣಾಮ ಶೇ 3.5ರ ಹತ್ತಿರ ಎಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಎಟಿಆರ್ ಅಷ್ಟು ಎತ್ತರಕ್ಕೆ ಹೋಗುವುದೇ ಇಲ್ಲ, ಆದ್ದರಿಂದ ಈ ಆರೋಪ ಅದಕ್ಕೆ ಅಷ್ಟಾಗಿ ತಟ್ಟದು. ಸಣ್ಣ ರನ್‌ವೇಯಿಂದಾಗಿ ಮಂಡಕಳ್ಳಿಗೆ ಸಿಕ್ಕ ವಿಮಾನ ಹವಾಮಾನದ ದೃಷ್ಟಿಯಿಂದ ಕೆಟ್ಟದ್ದೇನೂ ಅಲ್ಲ.

ಮುಂದಿನ ಎಣ್ಣೆ

ಎರಡೂ ಕಡೆ ಬದಲಾವಣೆ ನಡೆದಿದೆ, ವೇಗ ಮಾತ್ರ ಬೇರೆ. ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸಲಾಗುತ್ತಿದೆ. ಕೊಳ್ಳೇಗಾಲ, ನಂಜನಗೂಡು ಸೀಮೆಯ ಕಬ್ಬಿನ ಗದ್ದೆಗಳಿಗೂ ಇದಕ್ಕೂ ಸಂಬಂಧವಿದೆ. ಎಥನಾಲ್‌ನಲ್ಲಿ ಶಕ್ತಿ ಕಡಿಮೆಯಾದ್ದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ. ವಿಮಾನಕ್ಕೆ ಜೈವಿಕ ಇಂಧನ ಬೆರೆಸುವ ಪ್ರಯೋಗ ನಮ್ಮಲ್ಲಿ ಶುರುವಾದದ್ದು 2018ರ ಆಗಸ್ಟ್‌ನಲ್ಲಿ, ಜತ್ರೋಫಾ ಬೀಜದ ಎಣ್ಣೆ ಬೆರೆಸಿದ ಇಂಧನದಲ್ಲಿ ಸ್ಪೈಸ್‌ಜೆಟ್ ವಿಮಾನವೊಂದು ಡೆಹ್ರಾಡೂನ್‌ನಿಂದ ದೆಹಲಿಗೆ ಹಾರಿದಾಗ. ಅಂತರರಾಷ್ಟ್ರೀಯ ಹಾರಾಟಗಳಿಗೆ 2027ರಲ್ಲಿ ಶೇ 1ರಷ್ಟು ಬೆರೆಸುವುದು ಸರ್ಕಾರದ ಗುರಿ. ಕಾರಿಗೆ ಬ್ಯಾಟರಿ ಒಗ್ಗಿದೆ. ವಿಮಾನಕ್ಕೆ ತೂಕವೇ ಶತ್ರು: ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು 12 ಯೂನಿಟ್ ಶಕ್ತಿ ಇದ್ದರೆ, ಒಂದು ಕಿಲೋ ಬ್ಯಾಟರಿಯಲ್ಲಿ ಇರುವುದು ಕಾಲು ಯೂನಿಟ್ಟಿನಷ್ಟು. ಹಾಗಾಗಿ ಮುಂದಿನ ದಶಕದಲ್ಲಿ ಕಾರಿನ ಪರ ತಕ್ಕಡಿ ಇನ್ನಷ್ಟು ವಾಲುವ ಸಾಧ್ಯತೆಯೇ ಹೆಚ್ಚು.

ಮೂರನೆಯ ದಾರಿ

ಕಾರೋ ವಿಮಾನವೋ ಎಂದು ಕೇಳುವಾಗಲೇ ನಾವು ಬಸ್ಸನ್ನೂ ರೈಲನ್ನೂ ಪಟ್ಟಿಯಿಂದ ಹೊರಗಿಟ್ಟಿರುತ್ತೇವೆ. ತುಂಬಿದ ಬಸ್ಸು ತುಂಬಿದ ಕಾರಿಗಿಂತ ಮೂರ್ನಾಲ್ಕು ಪಟ್ಟು, ವಿಮಾನಕ್ಕಿಂತ ಐದಾರು ಪಟ್ಟು ಮಿತವ್ಯಯಿ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ ಉರುಳಲು ಬೇಕಾದ ಶಕ್ತಿ ಅದಕ್ಕಿಂತಲೂ ಕಡಿಮೆ. ಚಾಮರಾಜನಗರಕ್ಕೆ ಮೈಸೂರಿನಿಂದ ರೈಲು ಇದೆ, ಅಲ್ಲಿಂದ ತಿರುಪತಿಗೂ ರೈಲಿದೆ. ಗುಂಡ್ಲುಪೇಟೆಗೆ ಹಳಿಯೇ ಇಲ್ಲ. ನಂಜನಗೂಡು–ನಿಲಂಬೂರು, ಚಾಮರಾಜನಗರ–ಮೆಟ್ಟುಪಾಳ್ಯಂ ಮಾರ್ಗಗಳ ಪ್ರಸ್ತಾಪ ಕಾಡಿನ ಅಂಚಿನಲ್ಲಿ ನಿಂತಿದೆ. ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಬರಬೇಕಿದ್ದ ಹೆಜ್ಜಾಲ–ಚಾಮರಾಜನಗರ ಮಾರ್ಗಕ್ಕೆ ಅಂಥ ಹುಲಿಕಾಡಿನ ತೊಡಕು ಹೇಳುವಷ್ಟಿಲ್ಲ. ಆದರೂ 1990ರ ದಶಕದಲ್ಲಿ ಮಂಜೂರಾದದ್ದು ಇಂದಿಗೂ ಆಗಿಲ್ಲ. ಈ ಜಿಲ್ಲೆಯ ಇಂಧನದ ಲೆಕ್ಕವನ್ನು ಬದಲಿಸಬಲ್ಲ ಹಳಿ ಯಾವುದೆಂದು ಕೇಳಿದರೆ ನಾನು ತೋರಿಸುವುದು ಇದನ್ನೇ.

ಹಂಚಿಕೊಂಡು ಹೋಗುವುದು ಜನಕ್ಕೆ ಒಗ್ಗದು ಎಂಬ ವಾದಕ್ಕೆ ಗುಂಡ್ಲುಪೇಟೆ ತಾಲ್ಲೂಕಿನಲ್ಲೇ ಉತ್ತರವಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಖಾಸಗಿ ವಾಹನ ಬಿಡುವುದಿಲ್ಲ. ಎಷ್ಟೇ ದೊಡ್ಡ ಕಾರಿನಲ್ಲಿ ಬಂದಿರಲಿ, ಬುಡದಲ್ಲಿ ನಿಲ್ಲಿಸಿ ಸಾರಿಗೆ ಬಸ್ಸು ಹತ್ತಬೇಕು. ಸೂರ್ಯಕಾಂತಿ ಹೂವಿನ ಕಾಲದಲ್ಲಿ ಕೇರಳದಿಂದ ಕಾರುಗಳ ಸಾಲೇ ಬಂದರೂ ನಿಯಮ ಅದೇ. ಸರದಿಯಲ್ಲಿ ನಿಂತು ಜನ ಹೋಗಿಬರುತ್ತಾರೆ; ದರ್ಶನಕ್ಕೆ ಯಾರೂ ಕಡಿಮೆಯಾಗಿಲ್ಲ.

ಒಟ್ಟಾರೆ ತೀರ್ಪು ಹೀಗೆ. ನಾನೂರೈನೂರು ಕಿ.ಮೀ. ಒಳಗೆ ವಿಮಾನದ ಮಾತೇ ಬೇಡ. ರೈಲು, ಬಸ್ಸು, ತುಂಬಿದ ಕಾರು, ಈ ಕ್ರಮದಲ್ಲಿ ಆರಿಸಿಕೊಳ್ಳಬಹುದು. ಅದಕ್ಕೂ ಮೀರಿದ ದೂರಕ್ಕೆ ಒಬ್ಬರೇ ಹೊರಟಿದ್ದರೆ, ರೈಲು ಹೊಂದದಿದ್ದರೆ, ಕಾರಿಗಿಂತ ವಿಮಾನ ವಾಸಿ. ಮೂವರು, ನಾಲ್ವರು ಸೇರಿದ್ದರೆ ಎಷ್ಟು ದೂರವಾದರೂ ಎಣ್ಣೆಯ ಲೆಕ್ಕದಲ್ಲಿ ಕಾರಿನದೇ ಮೇಲುಗೈ; ಸಮಯ, ದಣಿವು ಬೇರೆ ಮಾತು. ಯಾವ ದೂರಕ್ಕೇ ಹಾರಲಿ, ನಿಲ್ದಾಣಕ್ಕೆ ಬಾಡಿಗೆ ಕಾರಿನಲ್ಲಿ ಒಬ್ಬರೇ ಹೋದರೆ ವಿಮಾನದಲ್ಲಿ ಉಳಿಸಿದ್ದರ ದೊಡ್ಡ ಪಾಲನ್ನು ರಸ್ತೆಯಲ್ಲೇ ಕಳೆಯುತ್ತೇವೆ.

ಅದಕ್ಕೇ ಈ ಜಿಲ್ಲೆಯ ಮಟ್ಟಿಗೆ ರನ್‌ವೇ ಉದ್ದ ಮಾಡುವ ಚರ್ಚೆಗಿಂತ ಮೊದಲು ಆಗಬೇಕಾದ ಕೆಲಸ ಅಗ್ಗದ್ದೂ ಸುಲಭದ್ದೂ ಆಗಿದೆ. ಗುಂಡ್ಲುಪೇಟೆ ಮತ್ತು ಚಾಮರಾಜನಗರದಿಂದ ಹೊರಟು ಫ್ಲೈಬಸ್ಸಿನ ವೇಳೆಗೆ ಸರಿಯಾಗಿ ಮೈಸೂರು ಮುಟ್ಟುವ ಬಸ್ಸುಗಳು, ಮಂಡಕಳ್ಳಿಯ ವಿಮಾನದ ವೇಳೆಗೆ ನಿಲ್ದಾಣದ ಗೇಟಿನಲ್ಲೇ ನಿಲ್ಲುವ ಬಸ್ಸುಗಳು, ಲಗೇಜ್ ಇಡಲು ಅವುಗಳಲ್ಲಿ ಜಾಗ. ಹೊಸ ಎಂಜಿನ್ ಬೇಡ, ಹೊಸ ಇಂಧನ ಬೇಡ. ಇರುವ ಬಸ್ಸಿನ ವೇಳಾಪಟ್ಟಿಯನ್ನು ವಿಮಾನದ ವೇಳಾಪಟ್ಟಿಯ ಪಕ್ಕದಲ್ಲಿಟ್ಟು ತಿದ್ದಿದರೆ ಸಾಕು.